ಕರಿಬೇವಿನ ಸಸಿಗೆ ಹೆಂಚಿನ ಕೋಟೆ

ತಂಗಿಯರೇ, ಇವತ್ತು ಅಮೆರಿಕದ ಸರಟೋಗಾದ ಮನೆಯ ಹಿತ್ತಲಲ್ಲಿ ಮಗಳು ಹೊಸ ನಿಂಬೆ ಗಿಡ ನೆಟ್ಟು, ಸುತ್ತ ಹಳೆ ಇಟ್ಟಿಗೆಗಳನ್ನು ಓರೆಯಾಗಿ ಹೂತಳು. ಹಿಂದಿನ ಗಿಡವನ್ನು ಜಿಂಕೆ ಬುಡದವರೆಗೆ ತಿಂದಿತ್ತು. ಆ ಇಟ್ಟಿಗೆ ಸಾಲು ನೋಡಿದಾಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ಹಾಸನದ ಬಾಡಿಗೆ ಮನೆಯಲ್ಲಿ ಅಮ್ಮ ಕರಿಬೇವಿನ ಸಸಿ ನೆಟ್ಟಾಗ, ಎದುರುಮನೆಯವರು ಎಸೆದ ಒಡಕು ಹೆಂಚುಗಳನ್ನು ನಾವು ಲಂಗದಲ್ಲಿ ತುಂಬಿ ತಂದಿದ್ದೆವು. ಅಮ್ಮ ಅವನ್ನು ಪಾತಿಯ ಸುತ್ತ ನಿಲ್ಲಿಸಿ, ಅಂಚಿಗೆ ಸುಣ್ಣ ಬಳಿದಳು. ಪಕ್ಕದ ಮನೆಯ ಕೋಳಿಗಳು ಅದನ್ನೂ ಹಾರಿ ಬಂದು ಬುಡ ಕೆದಕುತ್ತಿದ್ದವು. ಕೊಕ್ಕೊ ಎಂದರೆ ಸಾಕು, ಅಮ್ಮ ಸೌಟು ಹಿಡಿದೇ ಓಡುತ್ತಿದ್ದಳು.

“ಕೋಟೆ ಏನೋ ಕಟ್ಟಿದೀಯ, ಕಾವಲಿಗೆ ಯಾರೇ?” ಎಂದು ಅಜ್ಜಿ ಛೇಡಿಸಿದರು.

“ಸಾರು ಉಕ್ತಿದೆ, ನೀವೇ ಕೂತ್ಕೊಳ್ಳಿ ಅತ್ತೆ!”

ಅಂದಿನಿಂದ ಅಜ್ಜಿ ಮೊರ ತಂದು ಅಲ್ಲೇ ಕೂತು ಅಕ್ಕಿ ಆರಿಸತೊಡಗಿದರು. ಸಸಿ ಉಳಿಯಿತು.

ಇವತ್ತು ಇಲ್ಲಿ, “ಅಮ್ಮಾ, ಎಷ್ಟು ಸಲ ಕಿಟಕಿ ಹತ್ರ ಹೋಗ್ತೀಯ? ವೀಕೆಂಡು ಗಿಡಕ್ಕೆ ಹೊದಿಸೋಕೆ ಬಲೆ ತರ್ತೀನಿ,” ಎಂದಳು ಮಗಳು.

ಜಿಂಕೆ ವೀಕೆಂಡಿನವರೆಗೆ ಕಾಯುತ್ತದೆಯೇ? ಹಿತ್ತಲಿಗೆ ಕುರ್ಚಿ ಎಳೆದುಕೊಂಡು, ಶಾಲು ಹೊದ್ದು ಇದನ್ನು ಬರೆಯುತ್ತಿದ್ದೇನೆ. ಬೇಲಿಯಾಚೆ ಏನೋ ಅಲುಗಾಡಿತು. ಇರಿ, ಎದ್ದು ನೋಡುತ್ತೇನೆ.