ಮೂಗರ್ಜಿಯ ವಿಚಾರಣೆಗೆ ಹೋದ ಆ ವಾರ

೧೯೫೮ರಲ್ಲಿ ನಾನು ಮೈಸೂರಿನಲ್ಲಿ ಬಾಲಕಿಯರ ಶಾಲೆಗಳ ಅಸಿಸ್ಟೆಂಟ್ ಇನ್‌ಸ್ಪೆಕ್ಟ್ರೆಸ್ ಆಗಿದ್ದೆ. ವಯಸ್ಸು ಮೂವತ್ತನಾಲ್ಕು, ಮದುವೆಯಾಗಿರಲಿಲ್ಲ. ನನ್ನ ತಂದೆ, ತಾತ ಅರಮನೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಹೆಣ್ಣುಮಗಳೊಬ್ಬಳು ಸರ್ಕಾರಿ ಅಧಿಕಾರಿಯಾದಳೆಂದು ನೆಂಟರಿಷ್ಟರು ಹೆಮ್ಮೆಪಡುತ್ತಿದ್ದರು. ಮದುವೆಯ ಮಾತು ತೆಗೆಯುವುದನ್ನು ಆ ಹೊತ್ತಿಗೆ ಬಿಟ್ಟಿದ್ದರು.

ಒಂಟಿಕೊಪ್ಪಲಿನ ನನ್ನ ಬಾಡಿಗೆ ಮನೆಯಲ್ಲಿ ಜಯಮ್ಮ ಎಂಬ ನರ್ಸ್ ಇದ್ದಳು. ತಿರುಮಕೂಡಲಿನ ಕಡೆಯ ರೈತರ ಮಗಳು. ಏಳು ವರ್ಷದ ಹಿಂದೆ ನನಗೆ ಟೈಫಾಯ್ಡ್ ಬಂದಾಗ ಆಸ್ಪತ್ರೆಯಲ್ಲಿ ನೋಡಿಕೊಂಡವಳು, ಆಮೇಲೆ ನನ್ನೊಂದಿಗೇ ಉಳಿದಳು. ಕೇಳಿದವರಿಗೆ ‘ಒಂದು ಕೋಣೆ ಬಾಡಿಗೆಗೆ ಕೊಟ್ಟಿದ್ದೇನೆ’ ಎನ್ನುತ್ತಿದ್ದೆ. ಆ ಕೋಣೆಯಲ್ಲಿ ಅವಳು ಒಂದು ದಿನವೂ ಮಲಗಿರಲಿಲ್ಲ. ನಮ್ಮಿಬ್ಬರ ನಡುವೆ ಇದ್ದುದಕ್ಕೆ ನನಗೆ ಗೊತ್ತಿದ್ದ ಯಾವ ಭಾಷೆಯಲ್ಲೂ ಒಳ್ಳೆಯ ಹೆಸರಿರಲಿಲ್ಲ. ಹೆಸರಿಲ್ಲದ್ದರಿಂದ ಅದು ಇಲ್ಲವೆಂದೇ ನಾನು ಹಗಲೆಲ್ಲ ನಡೆದುಕೊಳ್ಳುತ್ತಿದ್ದೆ.

ಜುಲೈ ತಿಂಗಳ ಒಂದು ಸೋಮವಾರ ಸಾಹೇಬರು, ಅಂದರೆ ನನ್ನ ಮೇಲಧಿಕಾರಿ, ನನ್ನನ್ನು ಕರೆಸಿ ಒಂದು ಫೈಲನ್ನು ಮುಂದೆ ತಳ್ಳಿದರು. ಒಳಗಿದ್ದದ್ದು ಮೂಗರ್ಜಿ. ಹೆಸರು, ಸಹಿ ಯಾವುದೂ ಇಲ್ಲದೆ ಬರುವ ದೂರಿಗೆ ಕಚೇರಿಗಳಲ್ಲಿ ಹಾಗೆನ್ನುತ್ತಾರೆ. ನಗರದ ಒಂದು ಬಾಲಕಿಯರ ಹೈಸ್ಕೂಲಿನ ಗಣಿತದ ಟೀಚರು ಶಾರದಮ್ಮ ಮತ್ತು ಹೊಲಿಗೆ ಟೀಚರು ರಾಜಮ್ಮ ಒಂದೇ ಮನೆಯಲ್ಲಿ ಗಂಡ ಹೆಂಡಿರಂತೆ ಬಾಳುತ್ತಿದ್ದಾರೆ, ಇಂಥವರ ಕೈಯಲ್ಲಿ ಹೆಣ್ಣುಮಕ್ಕಳು ಕೆಡುತ್ತಾರೆ, ಇಬ್ಬರನ್ನೂ ಕೆಲಸದಿಂದ ತೆಗೆಯಬೇಕು ಎಂದು ಅದರಲ್ಲಿ ಬರೆದಿತ್ತು. ಮಿಕ್ಕ ಮಾತುಗಳನ್ನು ಇಲ್ಲಿ ಬರೆಯಲಾರೆ.

“ಗಂಡಸರನ್ನ ಕಳಿಸೋ ವಿಷಯ ಅಲ್ಲ ಇದು. ನೀವೇ ಹೋಗಿ ಬನ್ನಿ. ಮುಂದಿನ ಸೋಮವಾರದೊಳಗೆ ವರದಿ ಬೇಕು,” ಎಂದರು ಸಾಹೇಬರು.

ನನ್ನನ್ನೇ ಏಕೆ ಆರಿಸಿದರು? ಹೆಂಗಸೆಂದೇ, ಅಥವಾ ಏನಾದರೂ ತಿಳಿದೇ? ನನ್ನ ಕೋಣೆಗೆ ಬಂದು ಆ ಕಾಗದವನ್ನು ನಾಲ್ಕು ಸಲ ಓದಿದೆ. ಹುಡುಕುತ್ತಿದ್ದದ್ದು ಆ ಟೀಚರುಗಳ ತಪ್ಪನ್ನಲ್ಲ. ಇದನ್ನು ಬರೆದವನಿಗೆ ನನ್ನ ಮನೆಯೂ ಗೊತ್ತಿರಬಹುದೇ ಎಂದು ಸಾಲುಗಳ ನಡುವೆ ಹುಡುಕುತ್ತಿದ್ದೆ.

ಅಂದು ಸಂಜೆ ಮನೆಗೆ ಹೋದಾಗ ಜಯಮ್ಮ ರಾಗಿರೊಟ್ಟಿ ತಟ್ಟುತ್ತಿದ್ದಳು. ನಾನು ನಿಂತಲ್ಲೇ ವಿಷಯ ಹೇಳಿ, “ಸ್ವಲ್ಪ ದಿನ ನರ್ಸುಗಳ ಕ್ವಾರ್ಟರ್ಸಿಗೆ ಹೋಗಿರು,” ಎಂದೆ.

“ಎಷ್ಟು ದಿನ?”

“ಗೊತ್ತಿಲ್ಲ.”

ಅವಳು ತವೆಯ ಮೇಲಿದ್ದ ರೊಟ್ಟಿಯನ್ನು ಬೇಯಿಸಿ ಮುಗಿಸಿದಳು. ಟ್ರಂಕಿಗೆ ಬಟ್ಟೆ ತುಂಬಿದಳು, ಗೋಡೆಯ ಮೊಳೆಯಲ್ಲಿದ್ದ ಕನ್ನಡಿಯನ್ನೂ ತೆಗೆದಳು. ಅದಿರಲಿ ಎಂದೆ.

“ಎಲ್ಲಾನೂ ತಗೊಂಡೋಯ್ತೀನಿ ಬುಡು. ಅರ್ಧ ಬುಟ್ಟೋದ್ರೆ ನೀನು ಅದನ್ನ ನೋಡ್ಕೊಂಡು ಎದರ್ಕೋತೀಯ ಅಷ್ಟೇ,” ಎಂದಳು. ಅಳಲಿಲ್ಲ. ಅವಳು ಹತ್ತಿದ ಜಟಕಾ ಬೀದಿಯ ತಿರುವು ದಾಟುವವರೆಗೆ ನಾನು ಬಾಗಿಲಲ್ಲಿ ನಿಲ್ಲುವ ಧೈರ್ಯವನ್ನೂ ಮಾಡಲಿಲ್ಲ; ಎದುರು ಮನೆಯವರು ಜಗಲಿಯ ಮೇಲೆ ಕೂತಿದ್ದರು.

ಗುರುವಾರ ಶಾಲೆಗೆ ಹೋದೆ. ಹಾಜರಿ ಪುಸ್ತಕ, ಪಾಠದ ಟಿಪ್ಪಣಿ, ಪರೀಕ್ಷೆಯ ಫಲಿತಾಂಶ ಎಲ್ಲವನ್ನೂ ನೋಡಿದೆ. ಶಾರದಮ್ಮನವರ ತರಗತಿಯಲ್ಲಿ ಗಣಿತಕ್ಕೆ ಹೆದರದ ಹುಡುಗಿಯರನ್ನು ಕಂಡೆ. ಅದು ಎಷ್ಟು ಅಪರೂಪವೆಂದು ಇನ್‌ಸ್ಪೆಕ್ಟರ್ ಆದವರಿಗೆ ಮಾತ್ರ ಗೊತ್ತು. ಮಕ್ಕಳ ವಿಷಯದಲ್ಲಿ ಒಂದೇ ಒಂದು ಆಕ್ಷೇಪಣೆ ಯಾರಿಂದಲೂ ಬರಲಿಲ್ಲ. ಹೆಡ್‌ಮಿಸ್ಟ್ರೆಸ್ ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು, “ಇಬ್ಬರೂ ಚಿನ್ನದಂಥವರು ಕಣ್ರೀ. ಆದ್ರೂ ಒಬ್ಬರನ್ನ ಎತ್ತಿ ಬೇರೆ ಊರಿಗೆ ಹಾಕ್ಬಿಡಿ. ನಮಗ್ಯಾಕೆ ತಂಟೆ,” ಎಂದರು.

ಶನಿವಾರ ಮಧ್ಯಾಹ್ನ ಚಾಮರಾಜಪುರಂನಲ್ಲಿದ್ದ ಆ ಟೀಚರುಗಳ ಮನೆಗೆ ಹೋದೆ. ಒಂದು ನಡುಮನೆ, ಒಂದು ಅಡುಗೆಮನೆ, ಹಿತ್ತಿಲು. ನಡುಮನೆಯಲ್ಲಿ ಹೊಲಿಗೆ ಯಂತ್ರ, ಪುಸ್ತಕದ ಕಪಾಟು, ಒಂದೇ ಮಂಚ, ಎರಡು ದಿಂಬು. ಅದನ್ನು ಮರೆಮಾಡಲು ಅವರು ಪ್ರಯತ್ನಿಸಿರಲಿಲ್ಲ. ನಾನು ಬೀದಿಯ ಕಡೆ ನೋಡಿ, “ಬಾಗಿಲು ಹಾಕಿಬಿಡಿ,” ಎಂದೆ.

“ಬೇಡಿ ಮೇಡಂ, ತೆರೆದೇ ಇರಲಿ. ಹಾಕಿದ್ರೆ ಅದಕ್ಕೂ ಒಂದು ಅರ್ಜಿ ಬರುತ್ತೆ,” ಎಂದರು ಶಾರದಮ್ಮ. ನಲವತ್ತರ ಆಸುಪಾಸಿನ, ಸಣಕಲು ಹೆಂಗಸು. ಮಾತು ಸ್ಥಿರವಾಗಿತ್ತು, ಆದರೆ ಕಾಫಿ ಲೋಟ ಕೊಡುವಾಗ ಅರ್ಧ ಕಾಫಿ ನೆಲಕ್ಕೆ ಚೆಲ್ಲಿತು. ರಾಜಮ್ಮ ಬಟ್ಟೆ ತಂದು ಒರೆಸಿದರು. ಒರೆಸಿ ಎದ್ದವರು ಶಾರದಮ್ಮನವರ ತೋಳನ್ನು ಒಂದು ಕ್ಷಣ ಹಿಡಿದುಕೊಂಡರು. ನನ್ನೆದುರಿಗೇ, ನಾನು ವಿಚಾರಣಾಧಿಕಾರಿ ಎಂದು ಗೊತ್ತಿದ್ದೂ.

ದೂರನ್ನು ಓದಿ ಹೇಳುವುದು ನನ್ನ ಕರ್ತವ್ಯವಾಗಿತ್ತು. ಓದಿದೆ. ಏನಾದರೂ ಹೇಳುವುದಿದೆಯೇ ಎಂದು ಕೇಳಿದೆ.

ಶಾರದಮ್ಮ ಹೇಳಿದರು: “ನಾನೇನೋ ದೊಡ್ಡ ತಪ್ಪು ಮಾಡಿದ್ದೀನಿ ಅಂತ ಎಷ್ಟೋ ವರ್ಷ ಅಂದ್ಕೊಂಡಿದ್ದೆ ಮೇಡಂ. ಹರಕೆ ಹೊತ್ತೆ, ಉಪವಾಸ ಮಾಡ್ದೆ, ಇವಳ ಜೊತೆ ಮಾತು ಬಿಟ್ಟೆ. ಆ ವರ್ಷ ನನ್ನ ಕ್ಲಾಸಿನ ಮಕ್ಕಳು ನನ್ನ ಕಂಡ್ರೆ ನಡುಗ್ತಿದ್ರು. ಎಲ್ಲರ ಮೇಲೂ ಸಿಟ್ಟು ನನಗೆ. ಇವಳ ಹತ್ತಿರ ವಾಪಸ್ ಬಂದ್ಮೇಲೆ ಮನುಷ್ಯಳಾದೆ. ಇದನ್ನ ಬರ್ಕೊಳ್ತೀರೋ ಬಿಡ್ತೀರೋ ನಿಮಗೆ ಬಿಟ್ಟಿದ್ದು.”

ನನ್ನ ಪೆನ್ನು ಕಾಗದದ ಮೇಲೆಯೇ ನಿಂತಿತ್ತು. ಯಾರೋ ನನ್ನ ಎದೆಯನ್ನು ತೆರೆದು ಗಟ್ಟಿಯಾಗಿ ಓದಿದಂತಾಯಿತು. ಹೊರಡುವಾಗ ರಾಜಮ್ಮ, “ಮೇಡಂ, ನಿಮಗೂ ಮೈ ಹುಷಾರಿಲ್ವೇನೋ, ಮುಖವೆಲ್ಲ ಬೆವರಿದೆ,” ಎಂದರು. ಅವರಿಗೆ ತಿಳಿಯಿತೋ ಇಲ್ಲವೋ, ನನಗೆ ಇಂದಿಗೂ ಗೊತ್ತಿಲ್ಲ.

ಭಾನುವಾರ ವರದಿ ಬರೆಯಲು ಕೂತೆ. ಮೊದಲ ಪ್ರತಿಯಲ್ಲಿ ‘ಇಬ್ಬರ ನಡತೆ ಸಂಶಯಾಸ್ಪದವಾಗಿದೆ’ ಎಂದು ಬರೆದಿದ್ದೆ. ಹಾಗೆ ಬರೆದರೆ ನನ್ನ ಕಡೆ ಯಾರೂ ಬೆರಳು ತೋರಿಸುವುದಿಲ್ಲ ಎಂಬುದೇ ಅದಕ್ಕೆ ಕಾರಣ. ಓದಿ ನೋಡಿದಾಗ ಅದು ಮೂಗರ್ಜಿಯ ಮಾತೇ ಆಗಿತ್ತು, ಸ್ವಲ್ಪ ನಯವಾಗಿತ್ತು ಅಷ್ಟೇ. ಹರಿದು ಒಲೆಗೆ ಹಾಕಿದೆ. ಎರಡನೆಯ ಪ್ರತಿ ಒಂದೇ ಪುಟ: ಮಕ್ಕಳ ಬಗೆಗಿನ ಆರೋಪಕ್ಕೆ ಆಧಾರವಿಲ್ಲ, ಇಬ್ಬರ ಕೆಲಸವೂ ಉತ್ತಮವಾಗಿದೆ, ಶಿಕ್ಷಕಿಯರು ಯಾರೊಂದಿಗೆ ವಾಸಿಸುತ್ತಾರೆಂಬುದು ಇಲಾಖೆಗೆ ಸಂಬಂಧಿಸಿದ್ದಲ್ಲ. ತಿಳಿದದ್ದನ್ನೆಲ್ಲ ಬರೆಯಲಿಲ್ಲ, ಕಾಣದ್ದನ್ನೂ ಬರೆಯಲಿಲ್ಲ.

ಸೋಮವಾರ ಸಾಹೇಬರು ಅದನ್ನು ಓದಿ ಮುಗಿಸಿದರು. “ಮನೆಗೆ ಹೋಗಿದ್ರಲ್ಲ, ಏನು ನೋಡಿದ್ರಿ?”

“ಇಬ್ಬರು ಟೀಚರು ಒಂದು ಮನೇಲಿದ್ದಾರೆ ಸಾರ್. ಒಬ್ಬರನ್ನ ಕಂಡ್ರೆ ಒಬ್ಬರಿಗೆ ವಿಶ್ವಾಸ ಇದೆ.”

ಅವರು ತಲೆಯೆತ್ತಲಿಲ್ಲ. “ನಿಮ್ಮ ಮನೇಲೂ ಯಾರೋ ನರ್ಸ್ ಇದ್ದಾರಂತೆ.”

ವಾರದಿಂದ ನಾನು ಹೆದರುತ್ತಿದ್ದ ಪ್ರಶ್ನೆ. ಬಾಡಿಗೆಯ ಕತೆ ನಾಲಿಗೆಯ ತುದಿಯಲ್ಲೇ ಇತ್ತು. ಮೇಜಿನ ಅಂಚನ್ನು ಹಿಡಿದುಕೊಂಡೆ.

“ಇದ್ರು ಸಾರ್. ಈ ಫೈಲು ಬಂದ ದಿನ ಹೆದರಿ ನಾನೇ ಕಳಿಸಿಬಿಟ್ಟೆ. ವಾಪಸ್ ಕರ್ಕೊಂಡು ಬರ್ತೀನಿ.”

ಸಾಹೇಬರು ಪೆನ್ನಿನ ಮುಚ್ಚಳ ಹಾಕಿ, “ನಾನು ಅದನ್ನ ಕೇಳಲಿಲ್ಲ ಅಂದ್ಕೊಳ್ಳಿ,” ಎಂದರು. ಅದು ದಯೆಯೋ, ಅವರಿಗೂ ಒಂದು ಹೆದರಿಕೆಯೋ, ತಿಳಿಯಲಿಲ್ಲ.

ದೂರು ಮುಕ್ತಾಯವಾಯಿತು. ಆದರೂ ತಿಂಗಳೊಳಗೆ ಶಾರದಮ್ಮನವರನ್ನು ನಂಜನಗೂಡಿಗೆ ವರ್ಗ ಮಾಡಿದರು. ಅವರು ಮನೆ ಬದಲಿಸಲಿಲ್ಲ. ನಿವೃತ್ತಿಯವರೆಗೂ ಬೆಳಗಿನ ರೈಲು ಹತ್ತಿ ಹೋಗಿ ಸಂಜೆಯ ರೈಲಿಗೆ ವಾಪಸ್ ಬರುತ್ತಿದ್ದರು. ನನ್ನ ಮೇಲೂ ಆಮೇಲೆ ಎರಡು ಮೂಗರ್ಜಿಗಳು ಬಂದವು. ನನ್ನ ಬಡ್ತಿ ನಾಲ್ಕು ವರ್ಷ ತಡವಾಯಿತು. ಕಾರಣವನ್ನು ಯಾರೂ ಹೇಳಲಿಲ್ಲ.

ವರದಿ ಕೊಟ್ಟ ಅದೇ ಸೋಮವಾರ ಸಂಜೆ ನಾನು ಕ್ವಾರ್ಟರ್ಸಿಗೆ ಹೋಗಿದ್ದೆ. ಜಯಮ್ಮ ಒಳಗೆ ಕರೆಯಲಿಲ್ಲ.

“ಫೈಲು ಮುಚ್ಚಿದ್ಮೇಲೆ ಬಂದಿದೀಯ. ನಾಳೆ ಇನ್ನೊಂದು ಬತ್ತದೆ. ಆಗ?”

ಸಾಹೇಬರ ಎದುರು ಹೇಳಿದ್ದನ್ನು ಹೇಳಿದೆ. ಅವಳು ನಂಬಲಿಲ್ಲ, ಎರಡು ಸಲ ಹೇಳಿಸಿಕೊಂಡಳು. “ನಿನ್ನ ಬಾಯಲ್ಲಿ ಅಂಗಂದ್ಯಾ?” ಎಂದಳು. ಆದರೂ ಅಂದು ಬರಲಿಲ್ಲ. ನಾನು ಒಂಬತ್ತು ಭಾನುವಾರ ಹೋದೆ. ಹತ್ತನೆಯ ಭಾನುವಾರ ಅವಳೇ ಬಂದಳು. ಆ ಹೊತ್ತಿಗೆ ನಾನು ‘ಬಾಡಿಗೆಯ ಕೋಣೆ’ಯನ್ನು ಖಾಲಿ ಮಾಡಿ ಪುಸ್ತಕ ತುಂಬಿದ್ದೆ.

ಆಮೇಲೆ ಇಪ್ಪತ್ತೊಂದು ವರ್ಷ ಕೆಲಸ ಮಾಡಿದೆ, ಹಲವು ವಿಚಾರಣೆಗಳನ್ನು ನಡೆಸಿದೆ. ನನ್ನ ಕೈಕೆಳಗೆ ಬಂದ ಹೊಸಬರಿಗೆ ಒಂದು ಮಾತು ಹೇಳುತ್ತಿದ್ದೆ: ವರದಿ ಬರೆದಾದ ಮೇಲೆ ಒಂದೊಂದು ವಾಕ್ಯವನ್ನೂ ಓದಿ, ಇದನ್ನು ನಾನು ಕಂಡು ಬರೆದೆನೇ, ಹೆದರಿ ಬರೆದೆನೇ ಎಂದು ಕೇಳಿಕೊಳ್ಳಿ, ಹೆದರಿ ಬರೆದದ್ದನ್ನು ಹೊಡೆದುಹಾಕಿ. ಅದನ್ನು ಎಲ್ಲಿ ಕಲಿತೆನೆಂದು ಅವರಿಗೆ ಹೇಳಿರಲಿಲ್ಲ. ಹೆದರಿಕೆ ಪೂರ್ತಿ ಹೋಗಿಬಿಟ್ಟಿತೆಂದು ಹೇಳಿದರೆ ಸುಳ್ಳಾದೀತು. ಇದನ್ನು ಬರೆದು ಮುಗಿಸಿ ಜಯಮ್ಮನಿಗೆ ಓದಿ ಹೇಳಿದೆ. ಕೇಳಿ, “ನನ್ನ ಎಸರು ಬದಲಾಯಿಸಬ್ಯಾಡ,” ಎಂದಳು. ಬದಲಾಯಿಸಿಲ್ಲ.