ಮುಟ್ಟಬ್ಯಾಡ್ರಿ ಅಂದವರು

ಸವಣೂರಿನ ನನ್ನ ಲಗ್ನಪತ್ರಿಕೆ ಅಂಗಡಿಯ ಕಂಪ್ಯೂಟರ್ ನಿಧಾನವಾದಾಗಲೆಲ್ಲ ಒಬ್ಬ ರಿಪೇರಿಯವರು ಬರುತ್ತಿದ್ದರು. ಹಾರ್ಡ್‌ಡಿಸ್ಕಿನಲ್ಲಿ ಚದುರಿದ ಫೈಲುಗಳನ್ನು ಜೋಡಿಸಲು ಡಿಫ್ರಾಗ್ ಹಚ್ಚಿ, ಪರದೆಯ ಮೇಲೆ ಸರಿಯುವ ಬಣ್ಣದ ಚೌಕಗಳನ್ನು ಕೈಕಟ್ಟಿ ನೋಡುತ್ತ, “ಮುಟ್ಟಬ್ಯಾಡ್ರಿ, ಅದು ಮನಿ ಹಸನ ಮಾಡಾಕತ್ತೈತಿ” ಎನ್ನುತ್ತಿದ್ದರು.

ಒಮ್ಮೆ ಅವರು ಚಹಾ ತರಲು ಹೋದಾಗ, ನಾನು ತಾಳಲಾರದೆ ಸ್ವಿಚ್ ಆರಿಸಿ ಮತ್ತೆ ಹಾಕಿದೆ. ನಡುವೆಯೇ ಬಂದ್ ಮಾಡಿದ್ದರಿಂದ ಒಂದು ಲಗ್ನಪತ್ರಿಕೆಯ ಫೈಲು ಕೆಟ್ಟಿದೆ ಎಂದು ಪರದೆ ಹೇಳಿತು. ಅಷ್ಟರಲ್ಲಿ ತಮ್ಮ ಮಗಳ ಅದೇ ಲಗ್ನಪತ್ರಿಕೆ ನೋಡಲು ಯಲವಿಗಿಯ ಗಿರಾಕಿ ಬಂದರು. ಅವರ ಹಿಂದೆಯೇ ರಿಪೇರಿಯವರು.

“ನಿಮ್ಮ ಫೈಲು ಇವರ ಕೆಡಿಸ್ಯಾರ್ರಿ” ಎಂದು ಗಿರಾಕಿಗೆ ಹೇಳಿದೆ.

ರಿಪೇರಿಯವರು ಪರದೆಯನ್ನು ಪೂರ್ತಿ ಓದಿದರು. ಗಿರಾಕಿ ಓದುವ ಮೊದಲೇ ಅದನ್ನು ಆರಿಸಿ, “ಹೌದ್ರಿ, ನಾ ಎದ್ದ ಹೋಗಬಾರದಿತ್ತು” ಎಂದರು.

ಅವರು ಎರಡು ಚಹಾ ತಂದಿದ್ದರು. ನನ್ನದನ್ನು ನಾನು ಕುಡಿದೆ.