ಕಾಶಿಯಲ್ಲಿ ಬಿಟ್ಟ ಸ್ಟಿಯರಿಂಗ್

ನ್ಯೂಜಿಲೆಂಡಿನಲ್ಲಿ ನಾವು ಬಾಡಿಗೆಗೆ ಹಿಡಿಯಲಿದ್ದ ಮೋಟರ್‌ಹೋಮ್ ಎಷ್ಟು ಉದ್ದ, ಎಷ್ಟು ಅಗಲ ಎಂದು ವೆಬ್‌ಸೈಟಿನಲ್ಲಿ ಬರೆದಿತ್ತು. ಅಂಕಿ ಓದಿದರೆ ನನಗೆ ಏನೂ ಕಣ್ಣಿಗೆ ಕಟ್ಟುವುದಿಲ್ಲ. ಟೇಪು ಹಿಡಿದು, ನಮ್ಮ ತಾರಸಿಯ ಮೇಲೆ ಅದನ್ನು ಅಷ್ಟೇ ಗಾತ್ರದಲ್ಲಿ ರಂಗೋಲಿ ಪುಡಿಯಲ್ಲಿ ಬರೆದೆ. ಇಲ್ಲಿ ಹಾಸಿಗೆ, ಇಲ್ಲಿ ಒಲೆ, ಒಲೆಯಿಂದ ಕೈ ಚಾಚಿದರೆ ಟಾಯ್ಲೆಟ್, ಮುಂದೆ ಎರಡು ಸೀಟು. ಸೀಟಿನ ಜಾಗದಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ ಇಟ್ಟು ನಮ್ಮವರನ್ನು ಮೇಲಕ್ಕೆ ಕರೆದೆ. ಅವರು ಗೆರೆ ತುಳಿಯದೆ, ಬಾಗಿಲು ಬಿಟ್ಟಿದ್ದ ಕಡೆಯಿಂದಲೇ ಒಳಗೆ ಕಾಲಿಟ್ಟು, ಹೋಗಿ ಎಡಗಡೆಯ ಕುರ್ಚಿಯಲ್ಲಿ ಕೂತರು.

ನ್ಯೂಜಿಲೆಂಡಿನಲ್ಲೂ ನಮ್ಮ ಹಾಗೆಯೇ, ಸ್ಟಿಯರಿಂಗ್ ಬಲಕ್ಕೆ. "ರೀ, ಅದು ನನ್ನ ಸೀಟು" ಎಂದೆ.

"ಇಲ್ಲಿ ಗಾಳಿ ಚೆನ್ನಾಗಿದೆ ಕಣೇ" ಎಂದರು.

ಆಗಲೇ ನನಗೆ ಹೊಳೆಯಬೇಕಿತ್ತು. ಆದರೆ ಆ ದಿನಗಳಲ್ಲಿ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಕಾಶಿಯ ಲಂಕಾ ಬಡಾವಣೆಗೆ ಹೋಗಿ ವೀಸಾ ಫೋಟೋ ತೆಗೆಸುವುದು, ಅದು ಚೆನ್ನಾಗಿಲ್ಲವೆಂದು ಮಧ್ಯಾಹ್ನ ಇನ್ನೊಮ್ಮೆ ಹೋಗುವುದು, ಸಂಜೆ ತಾರಸಿಗೆ ಹತ್ತಿ ಹಾಸಿಗೆಯನ್ನು ಅಳಿಸಿ ಇನ್ನೊಂದು ಮೂಲೆಯಲ್ಲಿ ಬರೆಯುವುದು. ಹರಿಶ್ಚಂದ್ರ ಘಾಟಿನ ಚಿತೆಗಳ ಹೊಗೆ ನಮ್ಮ ಕಡೆ ತಿರುಗಿದಾಗ ಎಲ್ಲರೂ ಒಣಗಿದ ಬಟ್ಟೆ ತೆಗೆಯಲು ಓಡುತ್ತಾರೆ. ನಾನು ರಂಗೋಲಿ ಡಬ್ಬಿ ಹಿಡಿದು ನಿಂತಿರುತ್ತಿದ್ದೆ. ಪಕ್ಕದ ಮನೆಯಾಕೆ ಯಾವ ಪೂಜೆ ಎಂದು ಕೇಳಿದಳು. ಗಾಡಿಯ ಪೂಜೆ ಎಂದೆ, ಸುಳ್ಳೇನೂ ಅಲ್ಲವಲ್ಲ.

ಈ ಹುಚ್ಚು ಹಳೆಯದು. ಮಂಗಳೂರಿನ ಕಾನ್ವೆಂಟಿನಲ್ಲಿ ನಮಗೆ ಜಿಯಾಗ್ರಫಿ ಕಲಿಸುತ್ತಿದ್ದ ಸಿಸ್ಟರ್‌ಗೆ ಅವರ ಅಣ್ಣ ನ್ಯೂಜಿಲೆಂಡಿನಿಂದ ಪಿಕ್ಚರ್ ಪೋಸ್ಟ್‌ಕಾರ್ಡ್ ಕಳಿಸುತ್ತಿದ್ದ. ಅವರು ಅದನ್ನು ಕ್ಲಾಸಿನ ಬೋರ್ಡಿಗೆ ಪಿನ್ ಮಾಡುತ್ತಿದ್ದರು. ಒಂದರಲ್ಲಿ ನೀಲಿ ಸರೋವರ, ಅದರ ದಡದಲ್ಲಿ ಚಕ್ರವಿರುವ ಮನೆ, ಕಿಟಕಿಗೆ ಹೂವಿನ ಕರ್ಟನ್. ಮನೆಗೂ ಚಕ್ರ ಇರಬಹುದು ಎಂಬುದು ಹನ್ನೆರಡು ವರ್ಷದ ನನಗೆ ದೊಡ್ಡ ಸುದ್ದಿಯಾಗಿತ್ತು. ಆಮೇಲೆ ಮದುವೆಯಾಯಿತು, ಇವರಿಗೆ ಇಲ್ಲಿನ ಯೂನಿವರ್ಸಿಟಿಯಲ್ಲಿ ಕೆಲಸವಾಯಿತು, ನಾನು ಕಾಶಿಗೆ ಬಂದೆ. ಕಾಶಿಗೆ ಬಂದವಳಿಗೆ ಊರು ನೋಡುವ ಅಗತ್ಯ ಬರುವುದಿಲ್ಲ, ಊರೇ ಅವಳ ಮನೆಗೆ ಬರುತ್ತದೆ. ಶಿವಮೊಗ್ಗದವರು, ಹುಬ್ಬಳ್ಳಿಯವರು, ಯಾರ ಯಾರದೋ ಸೋದರತ್ತೆಯ ಮಗಳು. ಅಸ್ಥಿಯ ಮಡಕೆ ಹಿಡಿದು ಬಂದವರು, ಗಂಗೆಯ ತಂಬಿಗೆ ಕಟ್ಟಿಸಿಕೊಂಡು ಹೊರಟವರು. ಎಲ್ಲರಿಗೂ ನಮ್ಮ ಮನೆಯಲ್ಲಿ ಸಾರು, ಅನ್ನ, ಬಿಸಿನೀರು. ನಾನು ಅವರ ಸೂಟ್‌ಕೇಸುಗಳನ್ನು ನೋಡುತ್ತಿದ್ದೆ. ಟ್ಯಾಗ್ ಓದುತ್ತಿದ್ದೆ. ನನ್ನ ಸೂಟ್‌ಕೇಸಿನಲ್ಲಿ ಅತಿಥಿಗಳ ಹೊದಿಕೆ ಇರುತ್ತಿತ್ತು.

ಇವರು ರಿಟೈರ್ ಆದಮೇಲೆ ಕ್ಯಾಂಪಸ್ ಬಿಟ್ಟು ಕೇದಾರ ಘಾಟಿನ ಹಿಂದೆ ಈ ಮನೆಗೆ ಬಂದೆವು. ಕಾರು ಬರದ ಗಲ್ಲಿ. ನಮ್ಮ ಹಳೆಯ ಮಾರುತಿಯನ್ನು ಲಂಕಾದಲ್ಲಿ ಒಬ್ಬ ಕನ್ನಡದ ಡಾಕ್ಟರ ಕಾಂಪೌಂಡಿನಲ್ಲಿ ಕವರ್ ಹೊದಿಸಿ ನಿಲ್ಲಿಸಿದೆವು. ಇವರು ಅದನ್ನು ಆಗಾಗ ಓಡಿಸುತ್ತಿದ್ದರು, ಆಮೇಲೆ ಓಡಿಸುವುದನ್ನೇ ನಿಲ್ಲಿಸಿದರು. ಈ ಟ್ರಾಫಿಕ್ಕಿನಲ್ಲಿ ಇ-ರಿಕ್ಷಾ ಸಾಕು ಎಂದರು. ನನಗೂ ಸರಿಯೆನಿಸಿತ್ತು.

ಹೋದ ವರ್ಷ ಒಂದು ದಿನ ಆ ಸರೋವರದ ಮಾತು ಎತ್ತಿದೆ. ಇವರು ಪೇಪರಿನಿಂದ ತಲೆ ಎತ್ತದೆ ಹೂಂ ಎಂದರು. ಆ ಒಂದು ಹೂಂ ಹಿಡಿದುಕೊಂಡು ನಾನು ಇಷ್ಟು ದೂರ ಬಂದಿದ್ದೆ.

ವಿಡಿಯೋ ಕಾಲಿನಲ್ಲಿ ಮಾತಾಡಿದ ಬಾಡಿಗೆ ಕಂಪನಿಯ ಹುಡುಗಿ ಒಳ್ಳೆಯವಳು. ನನ್ನನ್ನು ಡಾರ್ಲಿಂಗ್ ಎನ್ನುತ್ತಿದ್ದಳು, ನನ್ನ ಮೊಮ್ಮಗಳಷ್ಟು ಚಿಕ್ಕವಳು. ಹೊರದೇಶದಿಂದ ಬರುವವರಿಗೆ ಆಟೊಮ್ಯಾಟಿಕ್ ಗಾಡಿಯೇ ಒಳ್ಳೆಯದು, ಏರ್‌ಪೋರ್ಟಿನಿಂದ ಡಿಪೋಗೆ ನಮ್ಮ ವ್ಯಾನು ಬರುತ್ತದೆ, ಸರೋವರದ ಪಕ್ಕ ರಾತ್ರಿ ನಿಲ್ಲಬೇಕಾದರೆ ಟಾಯ್ಲೆಟ್ ಇರುವ ಗಾಡಿಯೇ ಆಗಬೇಕು, ಹಾಗೆಂದು ಅಲ್ಲಿ ರೂಲ್ಸು ಎಂದು ಒಂದೊಂದಾಗಿ ಹೇಳಿದಳು. ಪಾತ್ರೆ ತೊಳೆದ ನೀರನ್ನು ಎಲ್ಲೆಂದರಲ್ಲಿ ಚೆಲ್ಲಬಾರದಂತೆ. ನಾನು ಬನಾರಸಿನಿಂದ ಮಾತಾಡುತ್ತಿದ್ದೇನೆ ಎಂದು ಅವಳಿಗೆ ಗೊತ್ತಿತ್ತೋ ಏನೋ, ಅದನ್ನು ಎರಡು ಸಲ ಹೇಳಿದಳು. ಶುಕ್ರವಾರದ ತನಕ ಗಾಡಿಯನ್ನು ನಮಗಾಗಿ ಹಿಡಿದಿಡುತ್ತೇನೆ, ಅಷ್ಟರೊಳಗೆ ಡ್ರೈವರ್‌ನ ಲೈಸೆನ್ಸ್ ಕಾಪಿ ಕಳಿಸಿ, ಇಲ್ಲವಾದರೆ ಬೇರೆಯವರಿಗೆ ಹೋಗುತ್ತದೆ, ಆ ಸೀಸನ್ನಿಗೆ ಇನ್ನೊಂದು ಸಿಗುವುದಿಲ್ಲ ಎಂದಳು.

ಕಾಲ್ ಮುಗಿದ ಮೇಲೆ ಇವರ ಲೈಸೆನ್ಸ್ ಕೇಳಿದೆ. ಇವರು ಕನ್ನಡಕ ತೆಗೆದು ಒರೆಸಿದರು.

"ನಾನು ಡ್ರೈವಿಂಗ್ ಬಿಟ್ಟಿದ್ದೀನಿ."

"ಬಿಟ್ಟಿದ್ದೀರಿ ಅಂದ್ರೆ?"

"ಕಾಶಿಯಲ್ಲಿ ಬಿಟ್ಟಿದ್ದೀನಿ."

ಇಲ್ಲಿಗೆ ಬಂದವರು ತಮಗೆ ಇಷ್ಟವಾದ ಒಂದನ್ನು ಗಂಗೆಯ ಎದುರು ಬಿಟ್ಟು ಹೋಗಬೇಕು, ಆಮೇಲೆ ಆಯುಸ್ಸಿಡೀ ಅದನ್ನು ಮುಟ್ಟಬಾರದು. ಹಣ್ಣು, ತರಕಾರಿ, ಏನಾದರೂ. ನಮ್ಮ ಅತಿಥಿಗಳಲ್ಲಿ ಬಹಳ ಜನ ಹಾಗಲಕಾಯಿ ಬಿಟ್ಟು ಬಂದು ನನ್ನ ಕೈಯ ಬದನೆಕಾಯಿ ಎಣ್ಣೆಗಾಯಿ ತಿಂದಿದ್ದಾರೆ. ಎರಡು ವರ್ಷದ ಹಿಂದೆ ಅಂಥದೇ ಒಂದು ಗುಂಪಿನ ಜೊತೆ ಇವರೂ ಘಾಟಿಗೆ ಹೋಗಿದ್ದರಂತೆ, ಅಲ್ಲಿ ಪೂಜೆ ಮಾಡಿಸುವ ಭಟ್ಟರು ಎಲ್ಲರನ್ನೂ ಕೇಳುತ್ತ ಬಂದು ಇವರನ್ನೂ ಕೇಳಿದರಂತೆ. ನಾನು ಎಲ್ಲಿದ್ದೆ? ಮನೆಯಲ್ಲಿ, ಅದೇ ಗುಂಪಿಗೆ ಅಡುಗೆ ಮಾಡುತ್ತಿದ್ದೆ.

ನನಗೆ ಮೈಯೆಲ್ಲ ಉರಿಯಿತು. ಕಾಫಿ ಬಿಡಲಾರದೆ, ಬದನೆಕಾಯಿ ಬಿಡಲಾರದೆ, ಕವರ್ ಹೊದ್ದು ನಿಂತ ಕಾರನ್ನು ಬಿಟ್ಟಿದ್ದಾರೆ, ಪ್ರೊಫೆಸರ ಜಾಣತನ ಎಂದುಕೊಂಡೆ. ಹಾಗೆಯೇ ಅಂದುಬಿಟ್ಟೆ ಕೂಡ. ಮಾರನೇ ದಿನ ಇವರನ್ನು ಎಳೆದುಕೊಂಡೇ ಭಟ್ಟರ ಹತ್ತಿರ ಹೋದೆ. ಅವರು ಕೇದಾರ ಘಾಟಿನ ಮೇಲಿನ ಮೆಟ್ಟಿಲಲ್ಲಿ, ಛತ್ರಿಯ ಕೆಳಗೆ, ಮಣ್ಣಿನ ಕುಲ್ಹಡ್‌ನಲ್ಲಿ ಚಹಾ ಕುಡಿಯುತ್ತ ಕೂತಿದ್ದರು. ಮೂರು ತಲೆಮಾರಿನಿಂದ ಇಲ್ಲಿಯವರು, ಕನ್ನಡ ಇನ್ನೂ ಗಟ್ಟಿ. ವಿಷಯ ಹೇಳಿ, ಇವರು ಡ್ರೈವಿಂಗ್ ವಾಪಸ್ ತೆಗೆದುಕೊಂಡು ಬದಲಿಗೆ ಕಾಫಿ ಬಿಟ್ಟರೆ ಆಗುತ್ತದೆಯೇ ಎಂದು ಕೇಳಿದೆ.

"ಅರೆ ಅಮ್ಮಾ, ಮೇಷ್ಟ್ರು ಬಿಟ್ಟಿದ್ದು ಗಂಗಾಮಾಯಿ ಎದುರಿಗೆ. ನಾನೇನು ನಡುವೆ ದಲಾಲನೇ, ಎಕ್ಸ್‌ಚೇಂಜ್ ಮಾಡಿಸೋಕೆ?"

"ಭಟ್ಟರೇ, ಇಷ್ಟವಾದದ್ದನ್ನು ಬಿಡಬೇಕು ಅಂತಲ್ಲವೇ ನಿಯಮ? ಇವರು ನಿಮ್ಮನ್ನೂ ಏಮಾರಿಸಿದ್ದಾರೆ."

ಭಟ್ಟರು ಇವರ ಮುಖ ನೋಡಿದರು, ಆಮೇಲೆ ನನ್ನದು. "ಹಾಗಲಕಾಯಿ ಬಿಡೋರನ್ನ ದಿನಾ ನೋಡ್ತೀನಿ. ಅವತ್ತು ಆ ಗುಂಪಿನಲ್ಲಿ ಕಣ್ಣಲ್ಲಿ ನೀರು ಬಂದಿದ್ದು ಇವರೊಬ್ಬರಿಗೇ."

ನಾವು ಮೆಟ್ಟಿಲಿಳಿದು ನೀರಿನ ಹತ್ತಿರ ಕೂತೆವು. ಇವರು ದೋಣಿಗಳ ಕಡೆ ನೋಡುತ್ತಲೇ ಹೇಳಿದರು.

"ಅದರ ಹಿಂದಿನ ವಾರ ಲಂಕಾದಲ್ಲಿ ಒಂದು ರಿಕ್ಷಾ ನನಗೆ ಕಾಣಲಿಲ್ಲ ಕಣೇ. ತಾಗಲಿಲ್ಲ. ಆದ್ರೆ ಕಾಣಲಿಲ್ಲ."

"ನನಗೆ ಯಾಕೆ ಹೇಳಲಿಲ್ಲ?"

"ನೀನು ಡಾಕ್ಟರು, ಟೆಸ್ಟು ಅಂತ ಶುರು ಮಾಡ್ತಿದ್ದೆ. ಗಂಗೆಗೆ ಹೇಳಿದೆ. ಅವಳು ಏನೂ ಕೇಳಲಿಲ್ಲ."

ನಾನೂ ಏನೂ ಕೇಳಲಿಲ್ಲ. ಇವರು ಕಾರನ್ನು ತೊಳೆಯುತ್ತಿದ್ದ ರೀತಿ ನೆನಪಾಯಿತು, ಭಾನುವಾರ ಪಂಚೆ ಎತ್ತಿ ಕಟ್ಟಿ, ಚಕ್ರಗಳನ್ನು ಹಲ್ಲುಜ್ಜುವ ಹಾಗೆ ಉಜ್ಜುತ್ತಿದ್ದದ್ದು. ಮತ್ತೆ ಆ ಹೂಂ ಯಾಕೆ ಅಂದಿರಿ ಎಂದು ಮಾತ್ರ ಕೊನೆಗೆ ಕೇಳಿದೆ. ಮೊದಲು ನಾನು ಪೇಪರ್ ಓದುತ್ತಿದ್ದೆ, ಆಮೇಲೆ ನೀನು ರಂಗೋಲಿ ಹಾಕುವುದಕ್ಕೆ ಶುರು ಮಾಡಿದ್ದೆ, ಹೇಳಲು ಮನಸ್ಸು ಬರಲಿಲ್ಲ ಎಂದರು.

ಶುಕ್ರವಾರಕ್ಕೆ ಇನ್ನು ಸ್ವಲ್ಪವೇ ಉಳಿದಿತ್ತು. ಮನೆಯಲ್ಲಿ ಕೂರಲಾಗಲಿಲ್ಲ, ನಿಲ್ಲಲೂ ಆಗಲಿಲ್ಲ. ತಾರಸಿಗೆ ಹೋದರೆ ಕೋತಿಯೊಂದು ರಂಗೋಲಿಯ ಅಡುಗೆಮನೆಯನ್ನು ಅಳಿಸಿ ಹೋಗಿತ್ತು. ಎರಡು ಕುರ್ಚಿ ಇದ್ದ ಹಾಗೆಯೇ ಇದ್ದವು. ಬಲಗಡೆಯದರಲ್ಲಿ ಕೂತೆ. ನನ್ನ ಹತ್ತಿರವೂ ಲೈಸೆನ್ಸ್ ಇತ್ತು. ಅಪ್ಪ ಮಂಗಳೂರಿನ ಏರು ರಸ್ತೆಗಳಲ್ಲಿ ಕಲಿಸಿ ಕೊಡಿಸಿದ್ದು. ಇಲ್ಲಿಯೂ ಅದನ್ನು ತಪ್ಪದೆ ರಿನ್ಯೂ ಮಾಡಿಸಿದ್ದೆ, ಬ್ಯಾಂಕಿನಲ್ಲಿ, ರೈಲಿನಲ್ಲಿ ತೋರಿಸುವುದಕ್ಕೆ. ಗುರುತಿನ ಚೀಟಿ ಎಂದೇ ಅದನ್ನು ತಿಳಿದಿದ್ದೆ. ಈ ಊರಿನಲ್ಲಿ ನಾನು ಓಡಿಸಿದ್ದು ಕ್ಯಾಂಪಸ್ಸಿನ ಒಳಗೆ, ಅದೂ ಯಾವ ಕಾಲದಲ್ಲೋ.

ಶುಕ್ರವಾರ ಬೆಳಿಗ್ಗೆ ಡಾಕ್ಟರ ಮನೆಗೆ ಹೋಗಿ ಕವರ್ ತೆಗೆದೆವು. ಡಾಕ್ಟರು ಬ್ಯಾಟರಿಗೆ ಜೀವ ಕೊಟ್ಟರು. ನಾನು ಬಲಗಡೆ, ಇವರು ಎಡಗಡೆ. ಕ್ಯಾಂಪಸ್ಸಿನಲ್ಲಿ ಮರಗಳ ಕೆಳಗೆ ಅಗಲವಾದ ರಸ್ತೆ. ಮೊದಲ ಸುತ್ತಿನಲ್ಲಿ ಕಾರು ನಾಲ್ಕು ಸಲ ನಿಂತಿತು, ಒಬ್ಬ ಸೈಕಲ್ ಸವಾರ ಕೈಮುಗಿದು ದಾರಿ ಬಿಟ್ಟ. ಇವರು ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಕೂತಿದ್ದರು, ಬಲಗಾಲು ಮಾತ್ರ ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು.

"ಅದೂ ಓಡಿಸಿದ ಹಾಗೇ ಆಗತ್ತೆ, ಭಟ್ಟರಿಗೆ ಹೇಳ್ತೀನಿ" ಎಂದೆ. ಕಾಲು ಹಿಂದಕ್ಕೆ ಎಳೆದುಕೊಂಡರು.

ಗೇಟಿನ ಹತ್ತಿರ ಹಿಂದಕ್ಕೆ ತಿರುಗಬೇಕಿತ್ತು. ನಾನು ತಿರುಗಲಿಲ್ಲ. ಲಂಕಾದ ಕೋಚಿಂಗ್ ಕ್ಲಾಸಿನ ಹುಡುಗರು, ಹಸುಗಳು, ಇ-ರಿಕ್ಷಾಗಳ ನಡುವೆ ಹಾರ್ನ್ ಹೊಡೆಯುತ್ತ ಹೊರಟೆ. ಇವರು ಎಲ್ಲಿಗೆ ಎಂದು ಕೇಳಿದ್ದು ಗಂಗೆಯ ಸೇತುವೆ ಬಂದ ಮೇಲೆ. ಆಚೆ ದಡಕ್ಕೆ ಎಂದೆ. ಸೇತುವೆಯ ಮೇಲೆ ಗಾಳಿ ಒಳನುಗ್ಗಿತು, ನನ್ನ ಸೆರಗು ಗೇರ್ ಮೇಲೆ ಬಿತ್ತು, ಇವರು ಅದನ್ನು ಎತ್ತಿ ನನ್ನ ಹೆಗಲಿಗೆ ಹಾಕಿದರು. ಎಡಗಡೆ ಘಾಟುಗಳೆಲ್ಲ ಬಿಸಿಲಿನಲ್ಲಿ ಸಾಲಾಗಿ ಕಂಡಿರಬೇಕು. ನಾನು ನೋಡಲಿಲ್ಲ, ಎದುರಿಗೆ ಲಾರಿ ಬರುತ್ತಿತ್ತು. ನೋಡಿದ್ದು ಇವರು.

ಆಚೆ ದಡದಲ್ಲಿ ಕಾರು ನಿಲ್ಲಿಸಿದೆ. ಇವರು ನನ್ನ ಬ್ಯಾಗಿನಿಂದ ನನ್ನ ಲೈಸೆನ್ಸ್ ತೆಗೆದು, ಡ್ಯಾಶ್‌ಬೋರ್ಡಿನ ಮೇಲೆ ಇಟ್ಟು, ಕಣ್ಣಿಗೆ ತೀರ ಹತ್ತಿರ ಫೋನ್ ಹಿಡಿದು ಫೋಟೋ ತೆಗೆದರು. ಮೂರನೆಯದು ಸರಿಬಂತು. ಬಾಡಿಗೆ ಕಂಪನಿಯ ಆ ಹುಡುಗಿಗೆ ಕಳಿಸಿದರು.

"ಅಲ್ಲಿ ಹಾರ್ನ್ ಹೊಡೆಯೋ ಹಾಗಿಲ್ಲವಂತೆ, ಗೊತ್ತಾ?" ಎಂದರು.

ಹಾಗಾದರೆ ಇಲ್ಲೇ ಹೊಡೆದು ಮುಗಿಸುತ್ತೇನೆ ಎಂದು ಗಾಡಿ ತಿರುಗಿಸಿದೆ.